ಸ್ಕ್ಯಾನಿಂಗ್ ಡಾಕ್ಟರ್ ಆಪರೇಷನ್ ಯಾಕೆ ಮಾಡ್ತಾರೆ? ಸೂಜಿ ತೂತಿನಿಂದ ಮಾಡುವ ಚಿಕಿತ್ಸೆ ಬಗ್ಗೆ ಮಾತಾಡೋಣ

ಸೀಸದಂಗಿ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನು ಆಸ್ಪತ್ರೆಯೊಂದರ ಕ್ಯಾತ್‌ಲ್ಯಾಬ್‌ನಲ್ಲಿ, ಅಂದರೆ ಎಕ್ಸ್‌ರೇ ನೋಡುತ್ತಾ ರಕ್ತನಾಳಕ್ಕೆ ನಳಿಕೆ ಹಾಕುವ ಕೋಣೆಯಲ್ಲಿ, ಟೆಕ್ನಿಷಿಯನ್. ಹನ್ನೊಂದು ವರ್ಷದಿಂದ ಇದೇ ಕೆಲಸ. ಡಾಕ್ಟರ್ ಅಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋದ ವಾರ ಒಬ್ಬ ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋಗುವಾಗ ಅವರ ಮಗ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. "ಸಿಸ್ಟರ್, ಒಳಗಿರೋದು ಸ್ಕ್ಯಾನಿಂಗ್ ಡಾಕ್ಟ್ರಂತೆ. ಅವರ್ಯಾಕೆ ಆಪರೇಷನ್ ಮಾಡ್ತಾರೆ? ಸರ್ಜನ್ ಎಲ್ಲಿ?" ಅವರ ಮುಖದಲ್ಲಿ ಸಿಟ್ಟಿಗಿಂತ ಭಯ ಜಾಸ್ತಿ ಇತ್ತು. ಬಾಗಿಲಲ್ಲಿ ನಿಂತು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಒಳಗಿದ್ದವರು ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್. ನಾವು ಐಆರ್ ಡಾಕ್ಟರ್ ಅನ್ನುತ್ತೇವೆ. ರೇಡಿಯಾಲಜಿ ಓದಿ ಮುಗಿಸಿ, ಆಮೇಲೆ ಇದಕ್ಕೆಂದೇ ಬೇರೆ ತರಬೇತಿ ಪಡೆದವರು. ಎಕ್ಸ್‌ರೇ, ಅಲ್ಟ್ರಾಸೌಂಡ್, ಸಿಟಿ ನೋಡಿ ಕಾಯಿಲೆ ಏನು ಅಂತ ಹೇಳುವುದು ಅವರಿಗೆ ಗೊತ್ತು. ಅದೇ ಚಿತ್ರ ನೋಡುತ್ತಾ, ಸೂಜಿ ಹಿಡಿಯುವಷ್ಟು ತೂತಿನಿಂದ ಒಳಗೆ ಹೋಗಿ ಚಿಕಿತ್ಸೆ ಮಾಡುವುದೂ ಗೊತ್ತು. ಹೊಟ್ಟೆ ಕುಯ್ದರೆ ಒಳಗಿರುವುದು ಸರ್ಜನ್ ಕಣ್ಣಿಗೆ ನೇರ ಕಾಣುತ್ತೆ. ಇಲ್ಲಿ ಕುಯ್ಯುವುದೇ ಇಲ್ಲ. ಹಾಗಾಗಿ ಪರದೆ ಮೇಲಿನ ಚಿತ್ರವೇ ಕಣ್ಣು.

ಕೆಲಸ ಶುರುವಾಗುವುದು ಹೀಗೆ. ತೊಡೆಸಂದಿನಲ್ಲೋ ಮಣಿಕಟ್ಟಿನಲ್ಲೋ ಮರಗಟ್ಟುವ ಇಂಜೆಕ್ಷನ್ ಕೊಟ್ಟು ರಕ್ತನಾಳಕ್ಕೆ ಸೂಜಿ ಹಾಕುತ್ತಾರೆ. ಸೂಜಿಯ ಒಳಗಿಂದ ಒಂದು ತಂತಿ ಕಳಿಸುತ್ತಾರೆ. ಸೂಜಿ ಹೊರಗೆ ಬರುತ್ತೆ, ತಂತಿ ಒಳಗೇ ಇರುತ್ತೆ. ಆ ತಂತಿಯ ಮೇಲೆ, ದಾರಕ್ಕೆ ಮಣಿ ಪೋಣಿಸಿದ ಹಾಗೆ, ಸಣ್ಣ ನಳಿಕೆ ಜಾರಿಸುತ್ತಾರೆ. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಅನ್ನುವ ಡಾಕ್ಟರ್ ಈ ವಿಧಾನ ಪ್ರಕಟಿಸಿದರು. ಇವತ್ತಿಗೂ ನಮ್ಮ ಟೇಬಲ್ ಮೇಲೆ ದಿನಾ ನಡೆಯುವುದು ಅದೇ. ತಂತಿ ಒಂದೂವರೆ ಮೀಟರ್ ಉದ್ದ ಇರುತ್ತೆ. ತುದಿ ಮಾತ್ರ ಮೆತ್ತಗೆ, ಕೊಡೆ ಹಿಡಿಯ ಹಾಗೆ ಬಾಗಿರುತ್ತೆ, ನಾಳದ ಗೋಡೆಗೆ ಚುಚ್ಚಬಾರದು ಅಂತ. ನಳಿಕೆಯ ದಪ್ಪವನ್ನು ಫ್ರೆಂಚ್ ಅನ್ನುವ ಅಳತೆಯಲ್ಲಿ ಹೇಳುತ್ತೇವೆ. 3 ಫ್ರೆಂಚ್ ಅಂದರೆ 1 ಮಿಲಿಮೀಟರ್. ನಾವು ಜಾಸ್ತಿ ಬಳಸುವುದು 5 ಫ್ರೆಂಚ್. ಎರಡು ಮಿಲಿಮೀಟರ್ ಕೂಡ ಇಲ್ಲ!

ಆ ಅಜ್ಜಿ ವಿಷಯಕ್ಕೆ ಬರುತ್ತೇನೆ. ಪಿತ್ತನಾಳ ಮುಚ್ಚಿಕೊಂಡು ಕಾಮಾಲೆ ಆಗಿತ್ತು. ಕಣ್ಣು, ಮೈ ಎಲ್ಲ ಅರಿಶಿನ. ಕೈಕಾಲು ಕೆರೆದು ಕೆರೆದು ಗಾಯ. ಬಾಯಿಂದ ಟ್ಯೂಬ್ ಹಾಕಿ ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ಕೊಳವೆ) ಇಡೋಕೆ ಮೊದಲು ಪ್ರಯತ್ನ ಮಾಡಿದ್ದರು, ಆಗಿರಲಿಲ್ಲ. ನಮ್ಮಲ್ಲಿ ಬಲಗಡೆ ಪಕ್ಕೆಲುಬಿನ ಸಂದಿಯಿಂದ ಲಿವರ್ ಒಳಗಿನ ಪಿತ್ತನಾಳಕ್ಕೆ ಸೂಜಿ ಹಾಕಿದರು. ಎಕ್ಸ್‌ರೇಯಲ್ಲಿ ನಾಳ ಕಾಣಿಸುವ ಬಣ್ಣದ ಔಷಧಿ ಬಿಟ್ಟಾಗ ಎಲೆ ಉದುರಿದ ಮರದ ಕೊಂಬೆಗಳ ಹಾಗೆ ಪರದೆ ತುಂಬ ನಾಳಗಳು ಕಂಡವು. ಆಮೇಲೆ ತಂತಿ, ತಂತಿಯ ಮೇಲೆ ಹಂದಿಬಾಲದ ಹಾಗೆ ತುದಿ ಸುತ್ತಿಕೊಳ್ಳುವ ನಳಿಕೆ. ಚೀಲ ಜೋಡಿಸಿದ್ದೇ ತಡ, ಕಡು ಹಸಿರು ಪಿತ್ತ ಇಳಿಯೋಕೆ ಶುರುವಾಯಿತು. ಗೋರಂಟಿ ಅರೆದ ಕಲ್ಲು ತೊಳೆದ ನೀರಿನ ಹಾಗೆ. ಮೂರನೇ ದಿನ ವಾರ್ಡಿಗೆ ಹೋಗಿ ಮಾತಾಡಿಸಿದೆ. "ರಾತ್ರಿ ನಿದ್ದೆ ಬಂತು ಕಣವ್ವ, ಕೆರೆತ ಕಮ್ಮಿ ಆಯ್ತು" ಅಂದರು. ನಾಳ ಮುಚ್ಚಿದ ಗಡ್ಡೆ ಇನ್ನೂ ಇದೆ. ಅದಕ್ಕೆ ಮುಂದಿನ ಚಿಕಿತ್ಸೆ ಬೇರೆ. ಆದರೆ ಅಜ್ಜಿಗೆ ಎಷ್ಟೋ ದಿನದ ಮೇಲೆ ನಿದ್ದೆ ಬಂತು.

ಇದನ್ನು ಬರೆಯೋಕೆ ಇನ್ನೊಂದು ಕಾರಣ ನನ್ನ ಚಿಕ್ಕಮ್ಮ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಅನ್ನುವ, ಕ್ಯಾನ್ಸರ್ ಅಲ್ಲದ ಗಡ್ಡೆ ಇತ್ತು, ಗರ್ಭಕೋಶವನ್ನೇ ತೆಗೆದರು. ಅವರಿಗೆ ಅದೇ ಸರಿಯಾದ ಚಿಕಿತ್ಸೆ ಆಗಿದ್ದಿರಬಹುದು. ಆದರೆ ಬೇರೆ ದಾರಿಯೂ ಒಂದಿದೆ ಅಂತ ಅವರಿಗೆ ಯಾರೂ ಹೇಳಲಿಲ್ಲ. ನಾನು ಆಗ ಇನ್ನೂ ಓದುತ್ತಿದ್ದೆ, ನನಗೂ ಗೊತ್ತಿರಲಿಲ್ಲ. ಕೇಳಿ, ಬೇಡ ಅನ್ನಿಸಿಕೊಂಡರೂ ಪರವಾಗಿಲ್ಲ, ಕೇಳಬೇಕು ಅನ್ನುವುದಷ್ಟೇ ನನ್ನ ಮಾತು.

ಹೊಳೆದಂಡೆ

ಅಕ್ಕ, ನಿಮ್ಮ ಚಿಕ್ಕಮ್ಮನ ವಿಷಯ ಓದಿ ಬರೆಯುತ್ತಿದ್ದೇನೆ. ನನಗೆ 41 ವರ್ಷ. ಇಬ್ಬರು ಮಕ್ಕಳು. ಮುಟ್ಟಾದರೆ ಹತ್ತು ದಿನ ನಿಲ್ಲಲ್ಲ. ಹಿಮೋಗ್ಲೋಬಿನ್ 7ಕ್ಕೆ ಇಳಿದು ಎರಡು ಬಾಟಲಿ ರಕ್ತ ಹಾಕಿಸಿಕೊಂಡೆ. ಸ್ಕ್ಯಾನಿಂಗ್‌ನಲ್ಲಿ ಫೈಬ್ರಾಯ್ಡ್ ಅಂದರು. "ಮಕ್ಕಳು ಆಗಿದ್ದಾರಲ್ಲ, ಗರ್ಭಕೋಶ ತೆಗೆಸಿಬಿಡಿ" ಅಂತ ಹೇಳಿ ಬರುವ ತಿಂಗಳಿಗೆ ದಿನಾಂಕ ಕೊಟ್ಟಿದ್ದಾರೆ. ನನಗೆ ತೆಗೆಸೋಕೆ ಮನಸ್ಸಿಲ್ಲ. ಮನೆಯಲ್ಲಿ ಹೇಳಿದರೆ "ಇನ್ಯಾಕೆ ಬೇಕು ಅದು" ಅನ್ನುತ್ತಾರೆ. ಬೇರೆ ದಾರಿ ಅಂದರೆ ಏನು?

ಸೀಸದಂಗಿ

ತಂಗಿ, ನಿಮ್ಮ ದೇಹ. ಮನಸ್ಸಿಲ್ಲ ಅನ್ನುವುದೂ ಒಂದು ಕಾರಣವೇ. ಅದನ್ನು ಡಾಕ್ಟರ್ ಮುಂದೆ ಹೇಳೋಕೆ ಸಂಕೋಚ ಬೇಡ.

ಆ ಚಿಕಿತ್ಸೆಗೆ ಎಂಬೊಲೈಸೇಷನ್ ಅನ್ನುತ್ತಾರೆ. ಗದ್ದೆಗೆ ನೀರು ಬಿಡುವ ತೂಬು ಮುಚ್ಚಿದರೆ ಏನಾಗುತ್ತೆ? ಬೆಳೆ ಒಣಗುತ್ತೆ ಅಲ್ವಾ, ಹಾಗೇ ಇದು. ಫೈಬ್ರಾಯ್ಡ್ ಗಡ್ಡೆಗೆ ರಕ್ತ ಬರುವುದು ಎಡ ಬಲ ಎರಡು ಗರ್ಭಕೋಶದ ಅಪಧಮನಿಗಳಿಂದ. ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ನಳಿಕೆ ಅಲ್ಲಿವರೆಗೆ ಹೋಗುತ್ತೆ. ಮರಳಿನಷ್ಟು ಸಣ್ಣ ಕಣಗಳನ್ನು, ಒಂದು ಮಿಲಿಮೀಟರಿನ ಅರ್ಧದಷ್ಟು ಗಾತ್ರದವನ್ನು, ರಕ್ತದ ಜೊತೆ ಮೆಲ್ಲಗೆ ಬಿಡುತ್ತಾರೆ. ಗಡ್ಡೆಯ ನಾಳಗಳು ತುಂಬಿಕೊಂಡು ಹರಿವು ನಿಲ್ಲುತ್ತೆ. ಗರ್ಭಕೋಶಕ್ಕೆ ಅಕ್ಕಪಕ್ಕದಿಂದ ಬೇರೆ ರಕ್ತ ಸಿಗುತ್ತೆ, ಅದು ಉಳಿದುಕೊಳ್ಳುತ್ತೆ. ಫ್ರಾನ್ಸಿನ ರವಿನಾ ಮತ್ತು ಅವರ ಜೊತೆಯವರು 1995ರಲ್ಲಿ ಇದನ್ನು ಫೈಬ್ರಾಯ್ಡ್‌ಗೆ ಚಿಕಿತ್ಸೆಯಾಗಿ ಪ್ರಕಟಿಸಿದರು. ಅದಕ್ಕೆ ಮೊದಲು ಹೆರಿಗೆ ನಂತರದ ರಕ್ತಸ್ರಾವ ನಿಲ್ಲಿಸೋಕೆ ಇದನ್ನು ಬಳಸುತ್ತಿದ್ದರು.

ಈಗ ಕಷ್ಟದ ಮಾತು. ನೋವು. ಮೊದಲ ರಾತ್ರಿ ಜೋರಾಗಿಯೇ ಇರುತ್ತೆ, ಹೆರಿಗೆ ನೋವಿನ ಹಾಗೆ ಅಂತ ಎಷ್ಟೋ ಜನ ಹೇಳಿದ್ದಾರೆ. ರಕ್ತ ಸಿಗದ ಗಡ್ಡೆಯ ನೋವು ಅದು. ಅದಕ್ಕೆ ಬಲವಾದ ನೋವಿನ ಔಷಧಿ ಮೊದಲೇ ಸಿದ್ಧ ಇರಬೇಕು. ಅದರ ವ್ಯವಸ್ಥೆ ಏನು ಅಂತ ಮುಂಚೆಯೇ ಕೇಳಿ. ಆಮೇಲೆ ಕೆಲವು ದಿನ ಸಣ್ಣ ಜ್ವರ, ವಾಕರಿಕೆ, ಸುಸ್ತು ಬರಬಹುದು. ಗಡ್ಡೆ ಒಂದೇ ದಿನಕ್ಕೆ ಮಾಯ ಆಗಲ್ಲ. ಮೂರರಿಂದ ಆರು ತಿಂಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತೆ. ರಕ್ತಸ್ರಾವ ಅದಕ್ಕಿಂತ ಮೊದಲೇ ಕಮ್ಮಿ ಆಗುತ್ತೆ. ಎಷ್ಟು ಗಡ್ಡೆ, ಎಲ್ಲಿವೆ ಅಂತ ನೋಡೋಕೆ ಎಂಆರ್‌ಐ ಬೇಕು.

ತಾಲ್ಲೂಕು_ಸರ್ಜನ್

ಮೇಡಂ ಬರೆದಿರುವುದು ಸರಿ ಇದೆ. ನಾನು ಜನರಲ್ ಸರ್ಜನ್. ಎರಡು ಮಾತು ಸೇರಿಸುತ್ತೇನೆ.

ಹೊಳೆದಂಡೆ ಅವರೇ, ಎಂಬೊಲೈಸೇಷನ್ ಮಾಡಿಸಿದ ಕೆಲವರಿಗೆ ವರ್ಷಗಳ ಮೇಲೆ ಮತ್ತೆ ತೊಂದರೆ ಬಂದು ಇನ್ನೊಂದು ಚಿಕಿತ್ಸೆ ಬೇಕಾಗುತ್ತೆ. ಗರ್ಭಕೋಶ ತೆಗೆದರೆ ಫೈಬ್ರಾಯ್ಡ್ ಮತ್ತೆ ಬರುವ ಮಾತೇ ಇಲ್ಲ. ಮುಂದೆ ಮಗು ಬೇಕು ಅನ್ನುವವರಿಗೆ ಸಾಮಾನ್ಯವಾಗಿ ಗಡ್ಡೆ ಮಾತ್ರ ತೆಗೆಯುವ ಆಪರೇಷನ್ ಅನ್ನೇ ಮೊದಲು ಯೋಚಿಸುತ್ತಾರೆ. 45 ದಾಟಿದವರಲ್ಲಿ ಎಂಬೊಲೈಸೇಷನ್ ಆದಮೇಲೆ ಮುಟ್ಟು ನಿಂತೇಹೋಗುವ ಸಾಧ್ಯತೆ ಇದೆ. ಗಡ್ಡೆ ಕ್ಯಾನ್ಸರ್ ಇರಬಹುದು ಅನ್ನುವ ಅನುಮಾನ ಸ್ವಲ್ಪ ಇದ್ದರೂ ಈ ಚಿಕಿತ್ಸೆ ಬೇಡ. ಸ್ತ್ರೀರೋಗ ತಜ್ಞರು, ಐಆರ್ ಡಾಕ್ಟರ್ ಇಬ್ಬರ ಹತ್ತಿರವೂ ಮಾತಾಡಿ, ಆಮೇಲೆ ನೀವೇ ನಿರ್ಧಾರ ಮಾಡಿ. ಮೊದಲು ಕಬ್ಬಿಣದ ಔಷಧಿ ತಪ್ಪಿಸಬೇಡಿ. 7ರ ಹಿಮೋಗ್ಲೋಬಿನ್ ಇಟ್ಟುಕೊಂಡು ಯಾವ ದಾರಿಗೂ ಹೋಗಬಾರದು.

ಇನ್ನೊಂದು ಮಾತು. ನಾನು ಓದುವಾಗ ಲಿವರ್‌ನಲ್ಲಿ ಕೀವು ತುಂಬಿದವರ ಹೊಟ್ಟೆ ತೆರೆದು ಕೀವು ತೆಗೆದದ್ದನ್ನು ನೋಡಿದ್ದೇನೆ. ಈಗ ಅಂಥವರನ್ನು ಐಆರ್‌ಗೆ ಕಳಿಸುತ್ತೇನೆ. ಅಲ್ಟ್ರಾಸೌಂಡ್ ನೋಡುತ್ತಾ ಒಂದು ನಳಿಕೆ ಇಡುತ್ತಾರೆ, ಕೀವು ಚೀಲಕ್ಕೆ ಇಳಿಯುತ್ತೆ. ಟಿಬಿ ವಾಸಿಯಾಗಿ ಎಷ್ಟೋ ವರ್ಷದ ಮೇಲೆ ಕೆಮ್ಮಿದಾಗ ಬೊಗಸೆಗಟ್ಟಲೆ ರಕ್ತ ಬರುವವರಿದ್ದಾರೆ. ರಾತ್ರೋರಾತ್ರಿ ಶ್ವಾಸಕೋಶದ ಆ ನಾಳ ಹುಡುಕಿ ಮುಚ್ಚಿ ಜೀವ ಉಳಿಸಿದ್ದಾರೆ. ಸರ್ಜನ್ ಆಗಿ ನನಗೆ ಇದು ನಂಬಿಕೆಯ ವಿಷಯ ಅಲ್ಲ, ಕಣ್ಣಾರೆ ನೋಡಿದ್ದು.

ಬಯಲುಸೀಮೆ_ಹುಡುಗ (ಮಂಗಳವಾರ ಬೆಳಿಗ್ಗೆ)

ಮೇಡಂ, ಅರ್ಜೆಂಟ್ ಇದೆ. ನಮ್ಮ ಅಪ್ಪಾಜಿಗೆ 67. ಇಪ್ಪತ್ತು ವರ್ಷದಿಂದ ಶುಗರ್. ಬೀಡಿ ಬಿಟ್ಟು ಒಂದು ವರ್ಷ ಆಗಿದೆ ಅಷ್ಟೇ. ಎಡಗಾಲಿನ ಹೆಬ್ಬೆರಳು ಕಪ್ಪಾಗಿದೆ, ಪಕ್ಕದ ಬೆರಳೂ ಬಣ್ಣ ತಿರುಗುತ್ತಿದೆ. ರಾತ್ರಿ ಮಲಗೋಕೆ ಆಗಲ್ಲ, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟುಕೊಂಡು ಕೂತಿರುತ್ತಾರೆ. ನಿನ್ನೆ ತೋರಿಸಿದ ಕಡೆ ಮಂಡಿ ಕೆಳಗೆ ಕಾಲು ತೆಗೆಯಬೇಕು ಅಂದರು. ರಕ್ತ ಓಡಾಟ ಹೇಗಿದೆ ಅಂತ ಯಾವ ಸ್ಕ್ಯಾನಿಂಗೂ ಮಾಡಿಲ್ಲ. ಅಪ್ಪಾಜಿ ತೋಟಕ್ಕೆ ನಡೆದುಕೊಂಡು ಹೋಗುವ ಮನುಷ್ಯ. ಏನಾದರೂ ದಾರಿ ಇದೆಯಾ?

ಸೀಸದಂಗಿ

ಕಾಲು ಇಳಿಬಿಟ್ಟರೆ ನೋವು ಕಮ್ಮಿ ಅಂದರೆ ರಕ್ತ ಸಾಲುತ್ತಿಲ್ಲ ಅನ್ನುವ ಗುರುತು. ಇವತ್ತೇ ಕಾಲಿನ ಡಾಪ್ಲರ್ ಮಾಡಿಸಿ, ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್ ಅದು. ಆಮೇಲೆ ಆಂಜಿಯೋಗ್ರಾಂ (ಬಣ್ಣದ ಔಷಧಿ ಬಿಟ್ಟು ರಕ್ತನಾಳದ ಎಕ್ಸ್‌ರೇ ಚಿತ್ರ ತೆಗೆಯುವುದು) ಬೇಕಾ ಅಂತ ರಕ್ತನಾಳದ ಸರ್ಜನ್ ಅಥವಾ ಐಆರ್ ಡಾಕ್ಟರ್ ಹೇಳುತ್ತಾರೆ. ಬರುವ ವಾರಕ್ಕೆ ಬಿಡಬೇಡಿ.

ನಿಮಗೆ ಒಂದು ನಿಜವಾದ ಕಥೆ ಹೇಳಬೇಕು. ಈ ಚಿಕಿತ್ಸೆ ಹುಟ್ಟಿದ್ದೇ ನಿಮ್ಮ ಅಪ್ಪಾಜಿಯ ಹಾಗೆ ಇದ್ದ ಒಂದು ಕಾಲಿನಿಂದ.

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರು. 1964ರ ಜನವರಿ. 82 ವರ್ಷದ ಒಬ್ಬ ಅಜ್ಜಿ. ಎಡಪಾದಕ್ಕೆ ರಕ್ತ ಇಲ್ಲದೆ ಬೆರಳು ಕೊಳೆಯುತ್ತಿತ್ತು. ಎಲ್ಲರೂ ಕಾಲು ತೆಗೆಯಬೇಕು ಅಂದರು. ಅಜ್ಜಿ ಒಪ್ಪಲಿಲ್ಲ. ಅಲ್ಲಿನ ರೇಡಿಯಾಲಜಿಸ್ಟ್ ಚಾರ್ಲ್ಸ್ ಡಾಟರ್ ಹತ್ತಿರ ಕಳಿಸಿದರು. ತೊಡೆಯ ಅಪಧಮನಿಯಲ್ಲಿ ಒಂದು ಕಡೆ ಮಾತ್ರ ಸಣ್ಣಗಾಗಿತ್ತು. ಡಾಟರ್ ಅದರೊಳಗೆ ತಂತಿ ದಾಟಿಸಿದರು. ತಂತಿಯ ಮೇಲೆ ಮೊದಲು ಸಣ್ಣ ನಳಿಕೆ, ಅದರ ಮೇಲೆ ದಪ್ಪ ನಳಿಕೆ ತಳ್ಳಿ ದಾರಿ ಅಗಲ ಮಾಡಿದರು. ಈಗ ನಾಳದೊಳಗೆ ಉಬ್ಬಿಸಿ ಅಗಲ ಮಾಡುವ ಬಲೂನ್ ಆಗ ಇರಲಿಲ್ಲ. ಪಾದ ಬೆಚ್ಚಗಾಯಿತು. ಅಜ್ಜಿ ಅದಾದ ಮೇಲೆ ಸುಮಾರು ಎರಡೂವರೆ ವರ್ಷ ಬದುಕಿದರು, ಎರಡೂ ಕಾಲಿನ ಮೇಲೆ ನಡೆದಾಡಿಕೊಂಡು.

ಆಗ ಸರ್ಜನ್‌ಗಳಿಗೆ ಇದು ಇಷ್ಟ ಆಗಲಿಲ್ಲ. ಡಾಟರ್‌ಗೆ ಬಂದ ಒಂದು ಚೀಟಿಯಲ್ಲಿ ನಾಳದ ಚಿತ್ರ ತೆಗೆದು ತೋರಿಸಿ ಸಾಕು, ಸರಿ ಮಾಡೋಕೆ ಹೋಗಬೇಡಿ ಅಂತ ಬರೆದಿದ್ದರು. ನನ್ನನ್ನು ಬಾಗಿಲಲ್ಲಿ ತಡೆದವರು ಕೇಳಿದ್ದೂ ಅದೇ ಪ್ರಶ್ನೆ ಅಲ್ವಾ? ಚಿತ್ರ ತೆಗೆಯುವವರು ಚಿಕಿತ್ಸೆ ಮಾಡಬಹುದಾ ಅಂತ. ಹತ್ತು ವರ್ಷದ ಮೇಲೆ, 1974ರಲ್ಲಿ, ಜ್ಯೂರಿಕ್‌ನಲ್ಲಿ ಗ್ರೂನ್‌ಜಿಗ್ ಅನ್ನುವ ಡಾಕ್ಟರ್ ಕಾಲಿನ ನಾಳಕ್ಕೆ ತಮ್ಮ ಬಲೂನ್ ಹಾಕಿದರು. 1977ರಲ್ಲಿ ಅದೇ ಬಲೂನ್ ಹೃದಯಕ್ಕೆ ಹೋಯಿತು. ಹೀಗೆ ನಾಳ ಅಗಲ ಮಾಡುವುದೇ ಆಂಜಿಯೋಪ್ಲಾಸ್ಟಿ. ಇವತ್ತು ಹಳ್ಳಿಯಲ್ಲೂ ಆಂಜಿಯೋಪ್ಲಾಸ್ಟಿ ಅಂದರೆ ಹೃದಯ ಅಂತಲೇ ಗೊತ್ತು. ಶುರುವಾಗಿದ್ದು ಮಾತ್ರ ಕಾಲಿನಲ್ಲಿ.

ಆಸೆ ಹುಟ್ಟಿಸಿ ಸುಮ್ನೆ ಕೂರುವುದಿಲ್ಲ. ಶುಗರ್ ಇರುವವರಲ್ಲಿ ಮಂಡಿ ಕೆಳಗಿನ ಸಣ್ಣ ನಾಳಗಳೇ ಮುಚ್ಚಿರುತ್ತವೆ, ಸುಣ್ಣ ಕಟ್ಟಿರುತ್ತೆ. ತಂತಿ ದಾಟುವುದೇ ಕಷ್ಟ. ದಾಟಿದರೂ ಕೆಲವು ತಿಂಗಳಲ್ಲಿ ಮತ್ತೆ ಸಣ್ಣ ಆಗಬಹುದು. ಆದರೆ ಗಾಯ ಒಣಗುವಷ್ಟು ಕಾಲ ರಕ್ತ ಸಿಕ್ಕರೂ ಪಾದ ಉಳಿಯುತ್ತೆ. ಕಿಡ್ನಿ ರಿಪೋರ್ಟ್ ಇದೆಯಾ?

ಬಯಲುಸೀಮೆ_ಹುಡುಗ

ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ 1.9 ಮೇಡಂ, ಜಾಸ್ತಿಯೇ ಇದೆ. ಬಣ್ಣದ ಔಷಧಿ ಕೊಟ್ಟರೆ ಕಿಡ್ನಿ ಹೋಗುತ್ತೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಅಪ್ಪಾಜಿ ಬೇಡ ಅನ್ನುತ್ತಿದ್ದಾರೆ.

ತಾಲ್ಲೂಕು_ಸರ್ಜನ್

ಅಯೋಡಿನ್ ಇರುವ ಆ ಔಷಧಿಯಿಂದ ದುರ್ಬಲ ಕಿಡ್ನಿಗೆ ಪೆಟ್ಟಾಗಬಹುದು, ಅದು ಸುಳ್ಳಲ್ಲ. ಆದರೆ ಡಾಪ್ಲರ್‌ಗೆ ಅದು ಬೇಕಾಗಿಲ್ಲ. ಆಂಜಿಯೋಗ್ರಾಂನಲ್ಲಿ ಔಷಧಿ ತುಂಬ ಕಮ್ಮಿ ಬಳಸಬಹುದು. ಕಾಲಿಗಾದರೆ ಅದರ ಬದಲು ಇಂಗಾಲದ ಡೈಆಕ್ಸೈಡ್ ಅನಿಲ ಬಿಟ್ಟು ಚಿತ್ರ ತೆಗೆಯುವ ವಿಧಾನವೂ ಇದೆ. ರಕ್ತ ಅದನ್ನು ಕರಗಿಸಿಕೊಂಡು ಉಸಿರಿನಲ್ಲಿ ಹೊರಗೆ ಹಾಕುತ್ತೆ. ಎಲ್ಲ ಕಡೆ ಸೌಲಭ್ಯ ಇರಲ್ಲ, ಕೇಳಿ ನೋಡಿ. ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಯಾವಾಗ ನಿಲ್ಲಿಸಬೇಕು ಅಂತ ಅವರೇ ತಿಳಿಸುತ್ತಾರೆ.

ಒಂದು ಎಚ್ಚರಿಕೆ. ಜ್ವರ, ಚಳಿ, ಕೀವಿನ ವಾಸನೆ, ಪಾದದಿಂದ ಮೇಲಕ್ಕೆ ಕೆಂಪು ಏರುವುದು, ಇದರಲ್ಲಿ ಯಾವುದಾದರೂ ಇದ್ದರೆ ಸ್ಕ್ಯಾನಿಂಗ್‌ಗಾಗಿ ಕಾಯಬೇಡಿ. ಮೊದಲು ಕೀವು ತೆಗೆಯಬೇಕು. ಅಂಥ ಹೊತ್ತಿನಲ್ಲಿ ಕಾಲು ತೆಗೆಯುವುದೇ ಜೀವ ಉಳಿಸುವ ದಾರಿ ಆಗಿರುತ್ತೆ. ನಿಮಗೆ ಹೇಳಿದ ಡಾಕ್ಟರ್ ಅದನ್ನೇ ಕಂಡಿರಬಹುದು. ಸಿಟ್ಟಾಗದೆ "ಯಾಕೆ" ಅಂತ ಕೇಳಿ.

ಲೆಕ್ಕದ_ಮೇಷ್ಟ್ರು

ನನ್ನದು ಎರಡು ಪ್ರಶ್ನೆ. ಇಷ್ಟೊಂದು ಎಕ್ಸ್‌ರೇ ಒಳ್ಳೆಯದಾ? ಖರ್ಚು ಎಷ್ಟು? ತೂತು ಸಣ್ಣದು, ಬಿಲ್ಲು ದೊಡ್ಡದು ಅಂತ ನಮ್ಮ ಸಹೋದ್ಯೋಗಿಯೊಬ್ಬರು ಹೇಳಿದ್ದರು.

ಸೀಸದಂಗಿ

ಸರ್, ಎಕ್ಸ್‌ರೇ ಅಪಾಯ ನಮಗೆ ಜಾಸ್ತಿ, ದಿನಾ ಅಲ್ಲೇ ಇರುವುದರಿಂದ. ನನ್ನ ಹೆಸರಿನ ಸೀಸದ ಅಂಗಿ ಅದಕ್ಕೇ. ನಾಲ್ಕೈದು ಕಿಲೋ ಭಾರ, ದಿನ ಮುಗಿಯುವ ಹೊತ್ತಿಗೆ ಭುಜ ಇಳಿದುಹೋಗುತ್ತೆ. ಎದೆ ಮೇಲೆ ಒಂದು ಬ್ಯಾಡ್ಜ್ ಇರುತ್ತೆ, ಎಷ್ಟು ಕಿರಣ ತಾಗಿದೆ ಅಂತ ಲೆಕ್ಕ ಇಡೋಕೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತೆ. ರೋಗಿಗೆ ತಾಗುವುದು ಒಂದೆರಡು ಸಲ. ಡಾಕ್ಟರ್ ಪೆಡಲ್ ಒತ್ತಿದಾಗ ಮಾತ್ರ ಎಕ್ಸ್‌ರೇ ಬರುತ್ತೆ. ತುಂಬ ಹೊತ್ತು ಹಿಡಿಯುವ ಕೆಲಸದಲ್ಲಿ ಚರ್ಮ ಕೆಂಪಾಗುವ ಸಾಧ್ಯತೆ ಇದೆ, ಅಪರೂಪ. ಅಲ್ಟ್ರಾಸೌಂಡ್ ನೋಡಿ ಮಾಡುವ ಕೆಲಸದಲ್ಲಿ ಎಕ್ಸ್‌ರೇ ಪ್ರಶ್ನೆಯೇ ಇಲ್ಲ. ಗರ್ಭಿಣಿ ಆಗಿರಬಹುದು ಅಂತ ಸಂಶಯ ಇದ್ದರೆ ಮಾತ್ರ ಮೊದಲೇ ಹೇಳಲೇಬೇಕು.

ಖರ್ಚಿನ ಬಗ್ಗೆ ನಿಮ್ಮ ಸಹೋದ್ಯೋಗಿ ಹೇಳಿದ್ದು ಸುಳ್ಳಲ್ಲ. ತಂತಿ, ನಳಿಕೆ, ನಾಳ ಮುಚ್ಚುವ ಸುರುಳಿ (ಕಾಯಿಲ್), ಸ್ಟೆಂಟ್, ಇವೇ ದುಬಾರಿ. ಎಷ್ಟು ಬೇಕಾಗುತ್ತೆ ಅನ್ನುವುದು ಒಳಗೆ ಹೋದಮೇಲೆ ಗೊತ್ತಾಗುವುದೂ ಉಂಟು. 2017ರಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತಲ್ಲ, ಅದು ಹೃದಯದ ಸ್ಟೆಂಟಿಗೆ. ಕಾಲಿನ ಸ್ಟೆಂಟಿಗೂ ಅದೇ ಬೆಲೆ ಅಂದುಕೊಂಡು ಬಂದು ಗಾಬರಿಯಾದವರನ್ನು ನೋಡಿದ್ದೇನೆ. ಅಂದಾಜು ಪಟ್ಟಿಯನ್ನು ಸಾಮಾನಿನ ಲೆಕ್ಕ ಬಿಡಿಬಿಡಿಯಾಗಿ ಬರೆಸಿ ಕೇಳಿ. ಆಯುಷ್ಮಾನ್ ಕಾರ್ಡ್ ಇದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ಚೀಟಿ ಇಲ್ಲದೆ ನೇರ ಖಾಸಗಿ ಕಡೆ ಹೋಗಿ ಆಮೇಲೆ ಒದ್ದಾಡಬೇಡಿ. ಆಸ್ಪತ್ರೆಯಲ್ಲಿ ಮಲಗುವ ದಿನ ಕಮ್ಮಿ, ಕೆಲಸಕ್ಕೆ ಬೇಗ ಹೋಗಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ದಿನಗೂಲಿಯವರಿಗೆ ಅದು ಸಣ್ಣ ಲೆಕ್ಕ ಅಲ್ಲ.

ಮದ್ದೂರುವಡೆ

ನಮ್ಮ ಮಾವನವರಿಗೆ ತೊಡೆಯಿಂದ ಆಂಜಿಯೋಗ್ರಾಂ ಮಾಡಿದ್ದರು. ಎಲ್ಲ ಚೆನ್ನಾಗಿ ಆಯಿತು. ವಾರ್ಡಿಗೆ ಬಂದಮೇಲೆ ಕಾಲು ಮಡಚಬಾರದು ಅಂತ ನಮಗೆ ಯಾರೂ ಹೇಳಲಿಲ್ಲ. ಅವರು ಎದ್ದು ಬಾತ್‌ರೂಮಿಗೆ ಹೋದರು. ವಾಪಸ್ ಬರುವಷ್ಟರಲ್ಲಿ ತೊಡೆಸಂದಿನಲ್ಲಿ ತೆಂಗಿನಕಾಯಿ ಗಾತ್ರದ ಊತ. ನರ್ಸ್ ಓಡಿ ಬಂದು ಇಪ್ಪತ್ತು ನಿಮಿಷ ಎರಡೂ ಕೈಯಲ್ಲಿ ಒತ್ತಿ ಹಿಡಿದರು. ವಾಸಿ ಆಯಿತು, ಆದರೆ ಮೂರು ವಾರ ತೊಡೆ ಬದನೆಕಾಯಿ ಬಣ್ಣ. ಸಣ್ಣ ತೂತು ಅಂತ ಯಾರೂ ಹಗುರ ಮಾಡಬೇಡಿ.

ಸೀಸದಂಗಿ

ನಿಜ, ಇದನ್ನು ನಾನೇ ಮೊದಲು ಬರೆಯಬೇಕಿತ್ತು. ಹೊರಗೆ ತೂತು ಸಣ್ಣದು, ಒಳಗೆ ಅದು ದೊಡ್ಡ ಅಪಧಮನಿಗೆ ಹಾಕಿದ ತೂತು. ತೊಡೆಯಿಂದ ಮಾಡಿದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಕಾಲು ನೇರ ಚಾಚಿ ಮಲಗಬೇಕು. ಬಾತ್‌ರೂಮಿಗೆ ಬೆಡ್‌ಪ್ಯಾನ್. ಕೆಮ್ಮು, ಸೀನು ಬಂದರೆ ಪಟ್ಟಿಯ ಮೇಲೆ ಕೈ ಒತ್ತಿ ಹಿಡಿಯಬೇಕು. ಒದ್ದೆ ಅನ್ನಿಸಿದರೆ, ಊತ ಕಂಡರೆ ತಕ್ಷಣ ಕೂಗಿ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ನೀವಾಗಿ ನಿಲ್ಲಿಸಬೇಡಿ.

ರಸಬಾಳೆ

ನಾನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವವನು. ಎಡಗೈಯಲ್ಲಿ ಫಿಸ್ಟುಲಾ ಇದೆ, ಅಂದರೆ ಡಯಾಲಿಸಿಸ್ ಸೂಜಿ ಹಾಕೋಕೆ ಅಪಧಮನಿಯನ್ನೂ ಅಭಿಧಮನಿಯನ್ನೂ ಸೇರಿಸಿ ಹೊಲಿದ ಜಾಗ. ದಿನಾ ಎದ್ದ ತಕ್ಷಣ ಅದರ ಮೇಲೆ ಬೆರಳಿಟ್ಟು ನೋಡುತ್ತೇನೆ, ಜೇನುಗೂಡು ಮುಟ್ಟಿದ ಹಾಗೆ ಗುಂಯ್ ಅನ್ನಬೇಕು. ಹೋದ ವರ್ಷ ಒಂದು ದಿನ ಆ ಗುಂಯ್ ತೀರಾ ಮೆತ್ತಗಾಗಿತ್ತು, ಬಡಿತದ ಹಾಗೆ ಟಕ್ ಟಕ್ ಅಂತಿತ್ತು. ಅವತ್ತೇ ಹೋದೆ. ನಾಳ ಸಣ್ಣಗಾಗಿತ್ತು. ಅದೇ ಕೈಯಲ್ಲಿ ಬಲೂನ್ ಹಾಕಿ ಅಗಲ ಮಾಡಿದರು. ಬಲೂನ್ ಉಬ್ಬಿಸುವಾಗ ಒಂದು ನಿಮಿಷ ಪ್ರಾಣ ಹೋದಷ್ಟು ನೋವು. ಇಳಿಸಿದ ಕೂಡಲೇ ನೋವೂ ಇಳಿಯಿತು. ಸಂಜೆ ಅದೇ ಕೈಯಲ್ಲಿ ಡಯಾಲಿಸಿಸ್ ಆಯಿತು. ಪೂರ್ತಿ ನಿಂತಮೇಲೆ ಹೋಗಿದ್ದರೆ ಕತ್ತಿನಲ್ಲಿ ಟ್ಯೂಬ್ ಹಾಕಬೇಕಿತ್ತಂತೆ. ಡಯಾಲಿಸಿಸ್ ಮಾಡಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಿನಾ ಬೆರಳಿಟ್ಟು ನೋಡಿ.

ಕಡಲತೀರ

ಲಿವರ್ ಕ್ಯಾನ್ಸರ್‌ಗೂ ಮಾಡುತ್ತಾರಾ? ನಮ್ಮ ದೊಡ್ಡಪ್ಪನಿಗೆ ಆಪರೇಷನ್ ಆಗಲ್ಲ ಅಂದಿದ್ದಾರೆ, ಟೇಸ್ ಅಂತ ಏನೋ ಬರೆದುಕೊಟ್ಟಿದ್ದಾರೆ.

ಸೀಸದಂಗಿ

ಮಾಡುತ್ತಾರೆ. ಲಿವರ್‌ಗೆ ರಕ್ತ ಎರಡು ಕಡೆಯಿಂದ ಬರುತ್ತೆ. ಮುಕ್ಕಾಲು ಭಾಗ ಕರುಳಿನ ಕಡೆಯಿಂದ ಬರುವ ಪೋರ್ಟಲ್ ಅಭಿಧಮನಿಯಿಂದ, ಉಳಿದದ್ದು ಅಪಧಮನಿಯಿಂದ. ಕ್ಯಾನ್ಸರ್ ಗಡ್ಡೆ ಮಾತ್ರ ಹೆಚ್ಚುಕಮ್ಮಿ ಪೂರ್ತಿ ಅಪಧಮನಿಯನ್ನೇ ನಂಬಿಕೊಂಡಿರುತ್ತೆ. ಆ ಅಪಧಮನಿಯ ಕೊಂಬೆಗೆ ಕೀಮೋ ಔಷಧಿ ಬಿಟ್ಟು ಅಲ್ಲೇ ಮುಚ್ಚಿದರೆ ಗಡ್ಡೆಗೆ ಪೆಟ್ಟು, ಉಳಿದ ಲಿವರ್‌ಗೆ ಕಮ್ಮಿ ಪೆಟ್ಟು. ಅದೇ ಟೇಸ್. ಮೂರು ಸೆಂಟಿಮೀಟರ್ ಒಳಗಿನ ಸಣ್ಣ ಗಡ್ಡೆ ಆದರೆ ಸೂಜಿ ಚುಚ್ಚಿ ಬಿಸಿಯಿಂದ ಸುಡುವ ವಿಧಾನ ಇದೆ. ನಿಮ್ಮ ದೊಡ್ಡಪ್ಪನಿಗೆ ಇದು ಗುಣ ಮಾಡೋಕಾ, ಕಾಯಿಲೆ ಹಿಡಿತದಲ್ಲಿ ಇಡೋಕಾ ಅಂತ ನೇರವಾಗಿ ಕೇಳಿ. ಎರಡಕ್ಕೂ ವ್ಯತ್ಯಾಸ ಇದೆ, ಮನೆಯವರಿಗೆ ಅದು ಗೊತ್ತಿರಬೇಕು.

ಮದ್ದೂರುವಡೆ

ಲಕ್ವ ಹೊಡೆದವರಿಗೂ ಹೀಗೆ ತಂತಿ ಹಾಕಿ ತೆಗೆಯುತ್ತಾರೆ ಅಂತ ಕೇಳಿದೆ.

ತಾಲ್ಲೂಕು_ಸರ್ಜನ್

ಹೌದು. ಮಿದುಳಿನ ದೊಡ್ಡ ನಾಳದಲ್ಲಿ ರಕ್ತದ ಹೆಪ್ಪು ಕೂತಿದ್ದರೆ, ತೊಡೆಯಿಂದ ನಳಿಕೆ ಕಳಿಸಿ ಬಲೆಯಂಥ ಸ್ಟೆಂಟಿನಲ್ಲಿ ಹೆಪ್ಪನ್ನು ಸಿಕ್ಕಿಸಿ ಎಳೆದು ತೆಗೆಯುತ್ತಾರೆ. 2015ರಲ್ಲಿ ಸಾಲಾಗಿ ಬಂದ ಐದು ಅಧ್ಯಯನಗಳು ಇದರಿಂದ ಲಾಭ ಇದೆ ಅಂತ ತೋರಿಸಿದವು. ಲಕ್ವ ಹೊಡೆದ ಹೊತ್ತಿನಿಂದ ಲೆಕ್ಕ ಹಾಕಿದರೆ, ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ ಮಿತಿ. ಎಳೆದು ತೆಗೆಯೋಕೆ ಆರು ಗಂಟೆ, ಸ್ಕ್ಯಾನಿಂಗ್ ನೋಡಿ ಆರಿಸಿದ ಕೆಲವರಿಗೆ 24 ಗಂಟೆವರೆಗೂ. ಆದರೆ ಆ 24 ಗಂಟೆ ನೆಚ್ಚಿಕೊಂಡು ಕೂರಬೇಡಿ. ನಮ್ಮ ತಾಲ್ಲೂಕಿನಲ್ಲಿ ಈಗಲೂ ಲಕ್ವ ಅಂದರೆ ಮೊದಲು ಎಣ್ಣೆ ಹಚ್ಚಿಸೋಕೆ, ನಾಟಿ ಔಷಧಿಗೆ ಕರೆದುಕೊಂಡು ಹೋಗುತ್ತಾರೆ. ನಮ್ಮ ಹತ್ತಿರ ಬರುವಷ್ಟರಲ್ಲಿ ಎರಡು ದಿನ ಕಳೆದಿರುತ್ತೆ. ಮುಖ ಸೊಟ್ಟ, ಒಂದು ಕೈ ಬಲ ಇಲ್ಲ, ಮಾತು ತೊದಲು, ಇದರಲ್ಲಿ ಯಾವುದು ಕಂಡರೂ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೋಗಿ. ಸರಿ ಇದ್ದದ್ದು ಕೊನೆಗೆ ಎಷ್ಟು ಗಂಟೆಗೆ ಅಂತ ನೆನಪಿಟ್ಟುಕೊಳ್ಳಿ, ಅದನ್ನೇ ಮೊದಲು ಕೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಐಆರ್‌ಗೆ ಒಂದು ವಿಭಾಗವೇ ಇದೆ.

ಹೊಳೆದಂಡೆ (ಶುಕ್ರವಾರ)

ಅಕ್ಕ, ಎಂಆರ್‌ಐ ಆಯಿತು. ಎರಡು ಗಡ್ಡೆ, ದೊಡ್ಡದು 7 ಸೆಂಟಿಮೀಟರ್. ಐಆರ್ ಡಾಕ್ಟರ್ ನೋಡಿ "ಮಾಡಬಹುದು" ಅಂದರು. ನನ್ನ ಸ್ತ್ರೀರೋಗ ತಜ್ಞೆಗೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. "ಮೊದಲು ರಕ್ತ ಏರಿಸಿಕೊಳ್ಳಿ, ಆಮೇಲೆ ನಿಮ್ಮಿಷ್ಟ" ಅಂದರು. ಬರುವ ತಿಂಗಳ ದಿನಾಂಕ ರದ್ದು ಮಾಡಿಸಿದೆ. ಇನ್ನೂ ಪೂರ್ತಿ ತೀರ್ಮಾನ ಮಾಡಿಲ್ಲ. ಮೊದಲ ರಾತ್ರಿ ನೋವಿನ ಬಗ್ಗೆ ನೀವು ಹೇಳಿದ ಹಾಗೇ ಕೇಳಿದೆ, ನಾವೇ ಗುಂಡಿ ಒತ್ತಿ ಔಷಧಿ ತೆಗೆದುಕೊಳ್ಳುವ ಪಂಪ್ ಇಡುತ್ತಾರಂತೆ.

ಬಯಲುಸೀಮೆ_ಹುಡುಗ (ಎರಡು ವಾರದ ಮೇಲೆ)

ಮೇಡಂ, ಡಾಕ್ಟ್ರೇ, ನಿಮಗೆ ತಿಳಿಸದೆ ಇರೋಕೆ ಮನಸ್ಸಾಗಲಿಲ್ಲ.

ಡಾಪ್ಲರ್‌ನಲ್ಲಿ ಮಂಡಿ ಕೆಳಗೆ ಮೂರು ನಾಳದಲ್ಲಿ ಎರಡು ಪೂರ್ತಿ ಮುಚ್ಚಿದ್ದು ಗೊತ್ತಾಯಿತು. ರೆಫರಲ್ ಚೀಟಿ ತೆಗೆದುಕೊಂಡು ಹೋದೆವು. ಔಷಧಿ ತುಂಬ ಕಮ್ಮಿ ಬಳಸಿ ಮಾಡಿದರು. ಎರಡೂವರೆ ಗಂಟೆ ಆಯಿತು. ಒಂದು ನಾಳ ತೆರೆಯಿತು, ಇನ್ನೊಂದರಲ್ಲಿ ತಂತಿ ದಾಟಲೇ ಇಲ್ಲ. ಕ್ರಿಯಾಟಿನಿನ್ 2.1ಕ್ಕೆ ಹೋಗಿ ಮತ್ತೆ 1.9ಕ್ಕೆ ಬಂತು.

ಹೆಬ್ಬೆರಳು ಉಳಿಯಲಿಲ್ಲ, ಪಕ್ಕದ ಬೆರಳೂ ತೆಗೆದರು. ಗಾಯ ಈಗ ಕೆಂಪಗಿದೆ, ದಿನಾ ಡ್ರೆಸ್ಸಿಂಗ್ ನಡೆಯುತ್ತಿದೆ. ಮೂರು ತಿಂಗಳಿಗೆ ಮತ್ತೆ ಡಾಪ್ಲರ್ ಅಂದಿದ್ದಾರೆ. ಆ ಕಾಲು ಪೂರ್ತಿ ಗೆದ್ದೆವು ಅಂತ ಹೇಳೋಕೆ ಇನ್ನೂ ಆಗಲ್ಲ ಅಂತಲೂ ಹೇಳಿದ್ದಾರೆ.

ಬಲೂನ್ ಹಾಕಿದ ರಾತ್ರಿ ನಾನು ಅಪ್ಪಾಜಿ ಪಕ್ಕ ಕೆಳಗೆ ಚಾಪೆ ಹಾಕಿ ಮಲಗಿದ್ದೆ. ಎರಡು ಗಂಟೆಗೆ ಎಬ್ಬಿಸಿದರು. ನೋವು ಅಂದುಕೊಂಡು ಗಾಬರಿಯಿಂದ ಎದ್ದೆ. "ಕಾಲ ಮೇಲಿನ ಕಂಬಳಿ ತೆಗಿ ಮಗ, ಸೆಕೆ ಆಗ್ತಾ ಐತೆ" ಅಂದರು. ಎರಡು ತಿಂಗಳಿಂದ ಆ ಪಾದಕ್ಕೆ ಎರಡು ಕಾಲುಚೀಲ, ಮೇಲೆ ಕಂಬಳಿ ಹೊದಿಸುತ್ತಿದ್ದೆ. ಕೈಯಿಟ್ಟು ನೋಡಿದೆ, ಬಲಪಾದದಷ್ಟೇ ಬೆಚ್ಚಗಿತ್ತು.